ಐದೂ ಬಾಕ್ಸ್ ಬಾಯಿಪಾಠ ಆಗಿದೆ, ಆದ್ರೂ ಸೋಲೋ ಹುಟ್ತಿಲ್ಲ. ಮುಂದೆ ಎಂತ ಮಾಡೋದು?

ತುಂಗಾತೀರ_ಗಿಟಾರ್:

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಶಿವಮೊಗ್ಗದಲ್ಲಿ ಡಿಗ್ರಿ ಓದ್ತಾ ವಿನೋಬನಗರದಲ್ಲಿ ರೂಮ್ ಮಾಡ್ಕೊಂಡಿದ್ದೇನೆ. ಚಿಕ್ಕವಳಿದ್ದಾಗ ಜೂನಿಯರ್ ಪರೀಕ್ಷೆ ತನಕ ಕರ್ನಾಟಕ ಸಂಗೀತ ಹಾಡೋದು ಕಲಿತಿದ್ದೆ. ಗಿಟಾರ್ ಹಿಡಿದಿದ್ದು ಪಿಯುಸಿ ಮುಗಿದ ಮೇಲೆ, ಯೂಟ್ಯೂಬ್ ನೋಡ್ಕೊಂಡು.

ಎ ಮೈನರ್ ಪೆಂಟಾಟಾನಿಕ್ (ಐದು ಸ್ವರದ) ಸ್ಕೇಲಿನ ಐದೂ ಬಾಕ್ಸ್, ಅಂದ್ರೆ ಆ ಸ್ವರಗಳನ್ನ ಗಿಟಾರಿನ ಕುತ್ತಿಗೆ ಮೇಲೆ ಹಿಡಿಯೋ ಐದು ಆಕಾರ, ನನಗೆ ಕಣ್ಣು ಮುಚ್ಚಿಕೊಂಡು ಬರುತ್ತೆ. ಕೆಳಗಿಂದ ಮೇಲೆ, ಮೇಲಿಂದ ಕೆಳಗೆ, ಮೆಟ್ರೊನೋಮ್ (ಲಯ ಎಣಿಸೋ ಸಾಧನ) ಹಾಕಿ ನುಡಿಸ್ತೇನೆ. ಈಗ ನಾವು ಕಾಲೇಜಿನ ಗೆಳೆಯರೆಲ್ಲ ಸೇರಿ ಗಣಪತಿ ಪೆಂಡಾಲ್ ಕಾರ್ಯಕ್ರಮಕ್ಕೆ ಹಾಡು ಪ್ರಾಕ್ಟೀಸ್ ಮಾಡ್ತಿದ್ದೇವೆ. ಒಂದು ಹಾಡಲ್ಲಿ ಎರಡನೇ ಚರಣಕ್ಕೆ ಮುಂಚೆ 8 ಬಾರ್ (ತಾಳದ ಎಂಟು ಆವರ್ತ) ನನಗೆ ಸೋಲೋ, ಅಂದ್ರೆ ಗಿಟಾರ್ ಒಂದೇ ಮುಂದೆ ಬಂದು ನುಡಿಸೋಕೆ ಅಂತ ಬಿಟ್ಟಿದ್ದಾರೆ. ಕಾರ್ಡ್ (ಒಟ್ಟಿಗೆ ಮೊಳಗೋ ಸ್ವರಗಳ ಗುಂಪು) ಎ ಮೈನರ್, ಎಫ್, ಸಿ, ಜಿ, ಒಂದೊಂದು ಬಾರ್. ಎರಡು ಸುತ್ತು.

ಅಲ್ಲಿಗೆ ಬಂದಾಗ ನನ್ನ ಬೆರಳು ಬಾಕ್ಸಿನಲ್ಲಿ ಹತ್ತಿ ಇಳಿಯುತ್ತೆ ಅಷ್ಟೆ. ತಪ್ಪು ಸ್ವರ ಅಂತ ಯಾವುದೂ ಇಲ್ಲ, ಆದರೆ ಕೇಳೋರಿಗೆ ಅದು ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತೆ. ನಮ್ಮ ಕೀಬೋರ್ಡಿನವನು "ಸ್ಕೇಲ್ ಚೆನ್ನಾಗಿದೆ, ಸೋಲೋ ಎಲ್ಲಿ?" ಅಂತ ಕೇಳಿದ. ಕೇಳಿದ್ದು ಸರಿಯಾಗೇ ಇದೆ.

ನನಗೆ ಗೊತ್ತಾಗಬೇಕಾದ್ದು ಇದು. ಸ್ಕೇಲ್, ಪ್ಯಾಟರ್ನ್ ಕಲಿತಾದ ಮೇಲೆ ಅಲ್ಲಿಂದ ಮಾತಿಗೆ, ಅಂದ್ರೆ ಏನೋ ಹೇಳೋ ಹಾಗೆ ಕೇಳಿಸೋ ಸ್ವರದ ಸಾಲಿಗೆ, ಹೋಗೋ ದಾರಿ ಯಾವುದು? ಇನ್ನೂ ಸ್ಕೇಲ್ ಕಲಿಬೇಕಾ, ಅಥವಾ ಇದರಲ್ಲೇ ಬೇರೆ ಏನಾದ್ರೂ ಮಾಡಬೇಕಾ? ನನ್ನ ಹತ್ರ ಇರೋದು ಅಕೌಸ್ಟಿಕ್ ಗಿಟಾರ್. ಕಾರ್ಯಕ್ರಮಕ್ಕೆ ಗೆಳೆಯನ ಎಲೆಕ್ಟ್ರಿಕ್ ಸಿಗುತ್ತೆ.


ಸಾಗರ_ಆರ್ಕೆಸ್ಟ್ರಾ:

ತಂಗಿ, ಇನ್ನೊಂದು ಸ್ಕೇಲ್ ಸದ್ಯಕ್ಕೆ ಬೇಡ. ನಿನ್ನ ಕೈಯಲ್ಲಿರೋ ಐದು ಸ್ವರದಲ್ಲಿ ನಿನಗೆ ಬೇಕಾದ್ದಕ್ಕಿಂತ ಹೆಚ್ಚು ಇದೆ. ನಾನು ಸಾಗರದ ಕಡೆ ತೋಟ ನೋಡ್ಕೊಂಡು, ಆರ್ಕೆಸ್ಟ್ರಾದಲ್ಲೂ ಸುಗಮ ಸಂಗೀತಕ್ಕೂ ಗಿಟಾರ್ ಹಿಡಿದವನು. ನನ್ನ ಹತ್ರ ಕಲಿಯೋಕೆ ಬಂದ ಮಕ್ಕಳೆಲ್ಲ ನೀನು ನಿಂತಿರೋ ಜಾಗದಲ್ಲೇ ನಿಲ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ ಹತ್ತಿದವರಿಗೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲಾ ಸ್ಟಾಪೂ ಬಾಯಿಪಾಠ ಇದ್ದು, ತಾವು ಎಲ್ಲಿ ಇಳೀಬೇಕು ಅನ್ನೋದು ಮಾತ್ರ ಗೊತ್ತಿಲ್ಲ ಅಂದ್ರೆ ಹೇಗೋ, ಬರೀ ಬಾಕ್ಸ್ ಕಲಿತವರ ಸ್ಥಿತಿ ಹಾಗೆ. ಬಾಕ್ಸು ಸ್ವರ ಎಲ್ಲೆಲ್ಲಿದೆ ಅಂತ ತೋರಿಸುತ್ತೆ. ಎಲ್ಲಿ ನಿಲ್ಲಬೇಕು ಅಂತ ಹೇಳೋದೇ ಇಲ್ಲ. ಸೋಲೋ ಆಗೋದು ನಿಲ್ಲೋ ಜಾಗದಿಂದ.

ಮೊದಲು ನಿನ್ನ ಬಾಕ್ಸ್ 1 ನೋಡು. 5ನೇ ಫ್ರೆಟ್ಟಿನಿಂದ (ಫ್ರೆಟ್ ಅಂದ್ರೆ ಕುತ್ತಿಗೆ ಮೇಲಿನ ಅಡ್ಡ ಪಟ್ಟಿ) 8ರ ತನಕ, ಆರು ತಂತಿ (6ನೇದು ಎಲ್ಲಕ್ಕಿಂತ ದಪ್ಪ, 1ನೇದು ಎಲ್ಲಕ್ಕಿಂತ ಸಣ್ಣ), ತಂತಿಗೆ ಎರಡರಂತೆ 12 ಸ್ವರ. ಅದರಲ್ಲಿ ಎ ಮೂರು ಕಡೆ ಇದೆ: 6ನೇ ತಂತಿ 5ನೇ ಫ್ರೆಟ್, 4ನೇ ತಂತಿ 7, 1ನೇ ತಂತಿ 5. ಸಿ ಮೂರು ಕಡೆ: 6ನೇ ತಂತಿ 8, 3ನೇ ತಂತಿ 5, 1ನೇ ತಂತಿ 8. ಉಳಿದ ಡಿ, ಇ, ಜಿ ಎರಡೆರಡು ಕಡೆ. ಬೆರಳಿಗೆ ಆಕಾರ ಗೊತ್ತಿದ್ರೆ ಸಾಲದು. "3ನೇ ತಂತಿ 7ನೇ ಫ್ರೆಟ್ ಎಂತ ಸ್ವರ?" ಅಂತ ಯಾರಾದ್ರೂ ಕೇಳಿದ್ರೆ "ಡಿ" ಅಂತ ಬಾಯಿಗೆ ತಕ್ಷಣ ಬರಬೇಕು. ನುಡಿಸ್ತಾ ಸ್ವರದ ಹೆಸರು ಹೇಳು. ಒಂದು ವಾರ ಇದೊಂದನ್ನೇ ಮಾಡಿದ್ರೂ ನಷ್ಟ ಇಲ್ಲ.

ಈಗ ನೀನು ಸಂಗೀತ ಕಲಿತವಳು ಅಂದಿದ್ದಕ್ಕೆ ನನಗೆ ಬಹಳ ಇಷ್ಟವಾದ ಒಂದು ವಿಷಯ. ಇದು ಕರೆಂಟ್ ಹೋದಾಗಲೂ ಮಾಡಬಹುದು, ಮೊಬೈಲ್ ಬೇಡ, ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ವಾದ್ಯದ ರೆಕಾರ್ಡಿಂಗ್) ಬೇಡ.

ಅಕೌಸ್ಟಿಕ್ ಗಿಟಾರ್ ತಗೋ. 5ನೇ ತಂತಿ ಖಾಲಿ ಮೀಟು, ಅದು ಎ. ಅದು ಮೊಳಗ್ತಾ ಇರುವಾಗ ಬಾಕ್ಸ್ 1ರ ಸಣ್ಣ ಮೂರು ತಂತಿಯಲ್ಲಿ ನಿಧಾನಕ್ಕೆ ಸಂಚಾರ ಮಾಡು. ಎ ಷಡ್ಜ, ಅಂದ್ರೆ ಸ. ಸ ಗ ಮ ಪ ನಿ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಶುದ್ಧ ಧನ್ಯಾಸಿ ರಾಗ ಕೇಳಿಸುತ್ತೆ. ಈಗ ಕೈ ಎಲ್ಲೂ ಸರಿಸಬೇಡ, ಅದೇ ಬಾಕ್ಸ್, ಅದೇ ಬೆರಳು. 4ನೇ ತಂತಿ ಖಾಲಿ ಮೀಟು. ಡಿ ಷಡ್ಜ ಆಯ್ತು, ಪ್ರತಿ ಮಾತನ್ನೂ ಡಿ ಮೇಲೆ ಮುಗಿಸು. ಮಧ್ಯಮಾವತಿ ಬಂತು! ಆಮೇಲೆ 6ನೇ ತಂತಿ ಖಾಲಿ ಮೀಟಿ ಇ ಮೇಲೆ ನಿಲ್ಲು. ಅದೇ ಐದು ಸ್ವರ ಹಿಂದೋಳ ಆಗುತ್ತೆ. 3ನೇ ತಂತಿ ಜಿ. ಅದನ್ನ ಷಡ್ಜ ಮಾಡಿದ್ರೆ ಶುದ್ಧ ಸಾವೇರಿ. ಸಿ ಒಂದಕ್ಕೆ ಖಾಲಿ ತಂತಿ ಇಲ್ಲ, ತಂಬೂರಿ ಆ್ಯಪನ್ನೋ ಶ್ರುತಿ ಪೆಟ್ಟಿಗೆಯನ್ನೋ ಸಿ ಗೆ ಇಟ್ಕೋ. ಅಲ್ಲಿ ಮೋಹನ ಕೂತಿದೆ.

ನಿನ್ನ ಸಂಗೀತದ ಮೇಷ್ಟ್ರು ಇದನ್ನ ಗ್ರಹಭೇದ ಅಂತ ಹೇಳಿಕೊಟ್ಟಿರಬಹುದು. ಗಿಟಾರಿನವರು ಎ ಮೈನರ್ ಪೆಂಟಾಟಾನಿಕ್ಕೂ ಸಿ ಮೇಜರ್ ಪೆಂಟಾಟಾನಿಕ್ಕೂ ಒಂದೇ ಸ್ವರಗಳು ಅಂತಾರಲ್ಲ, ಅದು ಇದರದ್ದೇ ಒಂದು ತುಂಡು. ಐದು ಬಾಕ್ಸ್ ಅಂದ್ರೆ ಐದು ಬೇರೆ ಬೇರೆ ವಿದ್ಯೆ ಅಂತ ಮಕ್ಕಳು ತಿಳ್ಕೊಳ್ತಾರೆ. ಐದೂ ಒಂದೇ ಸ್ವರಗುಚ್ಛ, ಫ್ರೆಟ್ ಬೋರ್ಡಿನ ಬೇರೆ ಬೇರೆ ಜಾಗದಲ್ಲಿ ಹಿಡಿದದ್ದು. ಭಾವ ಬದಲಾಗೋದು ಬಾಕ್ಸ್ ಬದಲಾಗಿದ್ದಕ್ಕಲ್ಲ, ಕೆಳಗಿನ ಆಧಾರ ಬದಲಾಗಿದ್ದಕ್ಕೆ.

ಇಲ್ಲಿಂದ ನಿನ್ನ ಹಾಡಿಗೆ ಬಾ. ಕಾರ್ಡ್ ಬದಲಾದಾಗಲೂ ಆಗೋದು ಇದೇ, ಬಾರಿಗೊಂದು ಸಲ ಆಧಾರ ಬದಲಾಗುತ್ತೆ. ಎ ಮೈನರ್ ಅಂದ್ರೆ ಎ, ಸಿ, ಇ. ಎಫ್ ಅಂದ್ರೆ ಎಫ್, ಎ, ಸಿ. ಸಿ ಕಾರ್ಡಿನಲ್ಲಿ ಸಿ, ಇ, ಜಿ. ಜಿ ಕಾರ್ಡಿನಲ್ಲಿ ಜಿ, ಬಿ, ಡಿ. ಈಗ 3ನೇ ತಂತಿ 5ನೇ ಫ್ರೆಟ್ ಹಿಡಿ, ಅದು ಸಿ. ಗೆಳೆಯರಿಗೆ ಕಾರ್ಡ್ ನುಡಿಸೋಕೆ ಹೇಳಿ ನೀನು ಆ ಒಂದೇ ಸ್ವರವನ್ನ ಮೂರು ಬಾರ್ ಹಿಡ್ಕೋ. ಎ ಮೈನರಿನಲ್ಲಿ ಅದು ಗಾಂಧಾರ, ಸ್ವಲ್ಪ ಬೇಸರದ ಬಣ್ಣ. ಎಫ್ ಬಂದ ಕೂಡಲೆ ಅದೇ ಸಿ ಪಂಚಮ ಆಗಿ ಅಗಲ ಆಗುತ್ತೆ. ಸಿ ಕಾರ್ಡ್ ಬಂದಾಗ ಅದೇ ಷಡ್ಜ, ಮನೆ. ಬೆರಳು ಅಲ್ಲಾಡಿಲ್ಲ, ಮೂರು ಸಲ ಅರ್ಥ ಬದಲಾಯ್ತು! ನಾಲ್ಕನೇ ಬಾರ್ ಜಿ ಬಂದಾಗ ಮಾತ್ರ ಆ ಸಿ ಚುಚ್ಚುತ್ತೆ. ಅಲ್ಲಿ ಎರಡು ಫ್ರೆಟ್ ಮುಂದೆ 7ಕ್ಕೆ ಹೋಗಿ ಡಿ ಮೇಲೆ ನಿಲ್ಲು. ಎರಡೇ ಸ್ವರದಲ್ಲಿ ನಿನ್ನ ನಾಲ್ಕು ಬಾರ್ ಮುಗೀತು. ಕೇಳಿ ನೋಡು, ನಿನ್ನ ಹತ್ತೋ ಇಳಿಯೋ ಓಟಕ್ಕಿಂತ ಇದರಲ್ಲಿ ಹಾಡು ಜಾಸ್ತಿ ಇದೆ.

ಆಮೇಲೆ ಬೇರೆ ದಾರಿ ಹುಡುಕು. ಎ ಮೈನರಿಗೆ 2ನೇ ತಂತಿ 5ರ ಇ, ಎಫ್‌ಗೆ 1ನೇ ತಂತಿ 5ರ ಎ, ಸಿ ಗೆ 2ನೇ ತಂತಿ 8ರ ಜಿ, ಜಿ ಗೆ ಅದೇ ಜಿ ಹಿಡಿದೇ ಇರು. ಹೀಗೆ ನಿಲ್ಲೋ ಸ್ವರಗಳನ್ನ ಮೊದಲು ಗೊತ್ತು ಮಾಡ್ಕೊಂಡು ಮಧ್ಯದ ಜಾಗವನ್ನ ಬಾಕ್ಸಿನ ಸ್ವರಗಳಿಂದ ತುಂಬು. ತುಂಬದೇ ಬಿಟ್ರೂ ಆಗುತ್ತೆ.

ಬಾಯಲ್ಲಿ ಹಾಡ್ಕೊಳ್ಳದ ಮಾತನ್ನ ಬೆರಳಿಂದ ನುಡಿಸಬೇಡ. ಇದೊಂದು ನನ್ನ ಹಟ. ನೀನು ಹಾಡೋಳು, ನಿನಗೆ ಇದು ಸುಲಭ. ಕಾರ್ಡ್ ರೆಕಾರ್ಡ್ ಮಾಡಿ ಹಾಕ್ಕೊಂಡು, ಗಿಟಾರ್ ಕೆಳಗಿಟ್ಟು ಎರಡು ಬಾರ್ ಹಾಡು. ಹಾಡಿದ್ದನ್ನ ಹುಡುಕಿ ನುಡಿಸು. ಉಸಿರು ತಗೊಳ್ಳೋ ಜಾಗದಲ್ಲಿ ಗಿಟಾರೂ ಸುಮ್ಮನಿರಬೇಕು. ಬಾಕ್ಸಿನಲ್ಲಿ ಓಡೋ ಬೆರಳಿಗೆ ಉಸಿರೇ ಬೇಡ, ಅದಕ್ಕೇ ಅದು ಪಾಠ ಒಪ್ಪಿಸಿದ ಹಾಗೆ ಕೇಳೋದು.

ಬಾಕ್ಸುಗಳನ್ನ ಒಂದಕ್ಕೊಂದು ಜೋಡಿಸೋಕೆ ಒಂದೇ ತಂತಿಯ ಮೇಲೆ ನುಡಿಸು. 1ನೇ ತಂತಿಯಲ್ಲಿ ಖಾಲಿ ಇ, 3ರಲ್ಲಿ ಜಿ, 5ರಲ್ಲಿ ಎ, 8ರಲ್ಲಿ ಸಿ, 10ರಲ್ಲಿ ಡಿ, 12ರಲ್ಲಿ ಮತ್ತೆ ಇ. ವೀಣೆಯವರು ಹೀಗೇ ಉದ್ದಕ್ಕೆ ಓಡಾಡ್ತಾರೆ, ಸ್ವರದ ದೂರ ಕಣ್ಣಿಗೆ ಕಾಣುತ್ತೆ. ಬಾಕ್ಸಿನ ಆಕಾರ 2ನೇ ತಂತಿಗೆ ಬಂದಾಗ ಯಾಕೆ ಸೊಟ್ಟ ಆಗುತ್ತೆ ಅಂತಲೂ ತಿಳ್ಕೋ. ಬೇರೆ ಪಕ್ಕದ ತಂತಿಗಳ ನಡುವೆ 5 ಫ್ರೆಟ್ ಅಂತರ, ಜಿ (3ನೇ) ಮತ್ತು ಬಿ (2ನೇ) ತಂತಿಗಳ ನಡುವೆ ಮಾತ್ರ 4. ಇದು ಗೊತ್ತಾದ್ರೆ ಐದು ಆಕಾರ ಉರು ಹೊಡೆಯೋ ಕಷ್ಟ ಅರ್ಧ ಇಳಿಯುತ್ತೆ.

ಬೆಂಡ್, ಅಂದ್ರೆ ತಂತಿಯನ್ನ ಪಕ್ಕಕ್ಕೆ ಎಳೆದು ಸ್ವರ ಏರಿಸೋದರ ಬಗ್ಗೆ ಒಂದು ಮಾತು. ಅಕೌಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಹಾಕೋ 0.012 (1ನೇ ತಂತಿಯ ದಪ್ಪ, ಇಂಚಿನಲ್ಲಿ) ಸೆಟ್ಟಿನಲ್ಲಿ 3ನೇ ತಂತಿಗೆ ಸುತ್ತು ತಂತಿ ಇರುತ್ತೆ, ಅದನ್ನ ಎಳೆದು ಡಿ ಯಿಂದ ಇ ಗೆ ಒಯ್ಯೋದು ಕಷ್ಟ. ಬೆರಳು ನೋಯಿಸ್ಕೊಬೇಡ, ಜಾರಿಸು. ಗೆಳೆಯನ ಎಲೆಕ್ಟ್ರಿಕ್ಕಿನಲ್ಲಿ 0.009 ಅಥವಾ 0.010 ಇದ್ರೆ ಅಲ್ಲಿ ಬೆಂಡ್ ಅಭ್ಯಾಸ ಮಾಡು. ಮೊದಲು 2ನೇ ತಂತಿ 5ರ ಇ ನುಡಿಸಿ ಕಿವಿಗೆ ಹಾಕ್ಕೋ, ಆಮೇಲೆ 3ನೇ ತಂತಿ 7ನ್ನ ಎಳೆದು ಅದೇ ಇ ಗೆ ತಲುಪಿಸು. ಕಮ್ಮಿ ಎಳೆದ ಬೆಂಡು ಅಪಸ್ವರವೇ.

ಮತ್ತೆ ಈಗ ಮಳೆಗಾಲ. ರೂಮಿನಲ್ಲಿ ಗಿಟಾರನ್ನ ಗೋಡೆಗೆ ಒರಗಿಸಿ ಇಡಬೇಡ. ಥಂಡಿಗೆ ಮರ ಉಬ್ಬಿ ತಂತಿ ಫ್ರೆಟ್ಟಿನಿಂದ ಮೇಲೇಳುತ್ತೆ, ಒತ್ತೋಕೆ ಆಗಲ್ಲ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕು, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸು. ನಮ್ಮ ಕಡೆ ಆಷಾಢದಲ್ಲಿ ತಂತಿಗೆ ತುಕ್ಕು ಹಿಡಿಯೋಕೆ ಹೆಚ್ಚು ದಿನ ಬೇಡ.


ಪಿಟೀಲು_ಟೀಚರ್:

ಸಾಗರದವರು ಹೇಳಿದ ಖಾಲಿ ತಂತಿಯ ಅಭ್ಯಾಸ ಬಹಳ ಒಳ್ಳೆಯದು, ನನ್ನ ವಿದ್ಯಾರ್ಥಿಗಳಿಗೂ ಮಾಡಿಸುತ್ತೇನೆ. ಆದರೆ ಒಂದು ಮಾತು ಸೇರಿಸಲೇಬೇಕು. ಐದು ಸ್ವರ ಸಿಕ್ಕಿದ ಮಾತ್ರಕ್ಕೆ ಹಿಂದೋಳ ಆಗುವುದಿಲ್ಲ. ಹಿಂದೋಳದ ಗಾಂಧಾರ, ನಿಷಾದಗಳಿಗೆ ಅವುಗಳದೇ ತೂಗಾಟ ಇದೆ, ಯಾವ ಸ್ವರದಿಂದ ಯಾವುದಕ್ಕೆ ಹೇಗೆ ಹೋಗಬೇಕು ಅನ್ನುವ ನಡೆ ಇದೆ. ಫ್ರೆಟ್ಟಿನ ಮೇಲೆ ನೇರವಾಗಿ ಒತ್ತಿದ ಸ್ವರ ರಾಗದ ಅಸ್ಥಿಪಂಜರ ಮಾತ್ರ. ಸೋಲೋಗೆ ಅಷ್ಟು ಸಾಕಾಗಬಹುದು. ರಾಗದ ಹೆಸರು ಹೇಳುವಾಗ ಮಾತ್ರ ಈ ಎಚ್ಚರ ಇರಲಿ.

ನೋಡಮ್ಮ, ನೀನು ಜೂನಿಯರ್ ಮಾಡಿದವಳು ಅಂದರೆ ಸೋಲೋಗೆ ಬೇಕಾದ ಎರಡು ಸಾಧನ ನಿನ್ನ ಹತ್ತಿರ ಆಗಲೇ ಇವೆ.

ಮೊದಲನೆಯದು ಧಾಟು ವರಸೆ. ಹತ್ತಿ ಇಳಿಯುವುದು ಸರಳೆ ವರಸೆಯ ಅಭ್ಯಾಸ. ಸರಳೆಯ ನಂತರ ನಮಗೆ ಜಂಟಿ, ಧಾಟು ಯಾಕೆ ಹೇಳಿಕೊಡುತ್ತಾರೆ? ಪಕ್ಕದ ಸ್ವರಕ್ಕೇ ಹೋಗುವ ಅಭ್ಯಾಸ ಬಿಡಿಸುವುದಕ್ಕೆ. ಅದನ್ನೇ ನಿನ್ನ ಬಾಕ್ಸಿಗೆ ತಾ. ಎ ಷಡ್ಜವಾದರೆ ಸ ಮ, ಗ ಪ, ಮ ನಿ, ಪ ಸ ಅಂತ ಒಂದೊಂದು ಸ್ವರ ಹಾರಿಸು. ಫ್ರೆಟ್ಟಿನಲ್ಲಿ ಅದು ಎ ಡಿ, ಸಿ ಇ, ಡಿ ಜಿ, ಇ ಎ. 4ನೇ ತಂತಿ 7ರಿಂದ ಶುರು ಮಾಡಿ 1ನೇ ತಂತಿ 5ಕ್ಕೆ ಮುಗಿಯುತ್ತದೆ. ಜಂಟಿಯನ್ನೂ ತಾ, ಪ್ರತಿ ಸ್ವರ ಎರಡೆರಡು ಸಲ, ಎರಡನೆಯದಕ್ಕೆ ಒತ್ತು ಕೊಟ್ಟು. ಇದನ್ನು ಮೂರು ಕಾಲದಲ್ಲಿ (ವೇಗದಲ್ಲಿ) ಮಾಡಿದರೆ ಬೆರಳಿಗೆ ಹೊಸ ದಾರಿಗಳು ತಾವಾಗಿಯೇ ಗೊತ್ತಾಗುತ್ತವೆ.

ಎರಡನೆಯದು ಕಲ್ಪನಾ ಸ್ವರದ, ಅಂದರೆ ಹಾಡುವಾಗಲೇ ಹುಟ್ಟಿಸುವ ಸ್ವರಗಳ, ಕಟ್ಟು. ನಮ್ಮಲ್ಲಿ ಮನೋಧರ್ಮ ಅಂದರೆ ಮನಸ್ಸಿಗೆ ಬಂದ ಹಾಗೆ ಹೋಗುವುದಲ್ಲ. ಎಲ್ಲಿಗೆ ಬಂದು ಸೇರಬೇಕು ಅನ್ನುವ ಎಡುಪು ಮೊದಲೇ ನಿಂತಿರುತ್ತದೆ, ಹುಟ್ಟಿಸುವುದು ಅಲ್ಲಿಗೆ ಹೋಗುವ ದಾರಿಯನ್ನು. ನಿನ್ನ 8 ಬಾರ್ ಮುಗಿದು ಚರಣ ಶುರುವಾಗುತ್ತದಲ್ಲ, ಹಾಡುವವರು ಹಿಡಿಯುವ ಮೊದಲ ಸ್ವರ ಯಾವುದು? ಅದನ್ನು ಕೇಳಿಕೊ. ನಿನ್ನ ಕೊನೆಯ ಮಾತು ಆ ಸ್ವರದ ಪಕ್ಕಕ್ಕೆ ಬಂದು, ಅದನ್ನು ಅವರ ಬಾಯಿಗೆ ಕೊಟ್ಟು ಮುಗಿಯಬೇಕು. ಮೊದಲು ಕೊನೆಯ ಅರ್ಧ ಬಾರ್ ಮಾತ್ರ ನುಡಿಸು. ಅದು ಗಟ್ಟಿಯಾದ ಮೇಲೆ ಕೊನೆಯ ಒಂದು ಬಾರ್, ಆಮೇಲೆ ಎರಡು. ಹಿಂದಿನಿಂದ ಮುಂದಕ್ಕೆ ಕಟ್ಟಿದ ಸೋಲೋ ದಾರಿ ತಪ್ಪುವುದಿಲ್ಲ.


ಭದ್ರಾವತಿ_ಡಿಸ್ಟಾರ್ಷನ್:

ಅಕ್ಕಾ, ನಾನು ಮೆಟಲ್ ನುಡಿಸೋನು, ರಾಗದ ಬಗ್ಗೆ ಹೇಳೋಷ್ಟು ಕಲಿತಿಲ್ಲ. ಆದ್ರೆ ಒಂದು ವಿಷಯದಲ್ಲಿ ಮೇಲಿನವರಿಗಿಂತ ನನ್ನ ಅಭಿಪ್ರಾಯ ಬೇರೆ. ಸ್ವರದ ಆಯ್ಕೆ ಬಗ್ಗೆ ಇಷ್ಟು ಯೋಚನೆ ಮಾಡೋ ಮುಂಚೆ ಲಯ ಸರಿ ಮಾಡ್ಕೊಳ್ಳಿ. ನಿಮ್ಮ ಸೋಲೋ ಪಾಠ ಒಪ್ಪಿಸಿದ ಹಾಗೆ ಕೇಳಿಸೋಕೆ ನನ್ನ ಪ್ರಕಾರ ಮುಖ್ಯ ಕಾರಣ ಎಲ್ಲಾ ಸ್ವರಕ್ಕೂ ಒಂದೇ ಉದ್ದ ಇರೋದು. ಸ್ಕೇಲ್ ಪ್ರಾಕ್ಟೀಸ್ ಮಾಡುವಾಗ ನಾವು ಟಕ ಟಕ ಟಕ ಟಕ ಅಂತ ಸಮಕ್ಕೆ ನುಡಿಸ್ತೀವಿ, ಕೈ ಅದನ್ನೇ ಕಲಿಯುತ್ತೆ.

ಮೆಟ್ರೊನೋಮ್ 60ಕ್ಕೆ ಇಡಿ. ಮೂರೇ ಸ್ವರ ತಗೊಳ್ಳಿ: 3ನೇ ತಂತಿ 5, 7, ಮತ್ತೆ 2ನೇ ತಂತಿ 5. ನಾಲ್ಕನೇ ಸ್ವರ ಮುಟ್ಟಬಾರದು. ಅದರಲ್ಲೇ ಒಂದಷ್ಟು ಹೊತ್ತು ಬೇಸರ ಬರದ ಹಾಗೆ ನುಡಿಸಬೇಕು. ಆಗ ಉದ್ದ ಗಿಡ್ಡ ಮಾಡ್ತೀರಿ, ಜೋರು ಮೆತ್ತಗೆ ಮಾಡ್ತೀರಿ, ಬಿಟ್ಟು ಹಿಡೀತೀರಿ, ಬೇರೆ ದಾರಿನೇ ಇರಲ್ಲ. ಮಾತನ್ನ ಯಾವಾಗಲೂ ಬಾರಿನ ಮೊದಲ ಏಟಿಗೇ ಶುರು ಮಾಡಬೇಡಿ. ಎರಡನೇ ಏಟಿನ ನಂತರದ ಅರ್ಧದಲ್ಲಿ ಶುರು ಮಾಡಿ ನೋಡಿ, ತಕ್ಷಣ ಬೇರೆ ಥರ ಕೇಳುತ್ತೆ.

ಇನ್ನೊಂದು, ಕಿವಿಯಿಂದ ಎತ್ತಿ ಕಲೀರಿ. ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದಿರೋದು) ನೋಡದೇ ನಿಮಗಿಷ್ಟದ ಯಾರದ್ದಾದ್ರೂ ನಾಲ್ಕು ಬಾರ್ ಸೋಲೋ ಎತ್ತಿ, ಆಮೇಲೆ ಅದು ನಿಮ್ಮ ಬಾಕ್ಸಿನಲ್ಲಿ ಎಲ್ಲಿ ಕೂರುತ್ತೆ ನೋಡಿ. ಬಿ.ಬಿ. ಕಿಂಗ್ ಕೇಳಿ. 1925ರಲ್ಲಿ ಹುಟ್ಟಿ 2015ರ ತನಕ ಬದುಕಿದ್ದವರು, ಬ್ಲೂಸ್ ಗಿಟಾರ್ ಅಂದ್ರೆ ಅವರ ಹೆಸರು ಮೊದಲು ಬರುತ್ತೆ. ಒಂದು ಸಾಲು ಹಾಡ್ತಾರೆ, ಹಾಡು ನಿಲ್ಲಿಸಿ ಗಿಟಾರಿನಿಂದ ಅದಕ್ಕೆ ಉತ್ತರ ಕೊಡ್ತಾರೆ. ಆ ಉತ್ತರದಲ್ಲಿ ಎಷ್ಟೋ ಸಲ ನಾಲ್ಕೈದು ಸ್ವರ ಅಷ್ಟೆ, ಕೊನೇ ಸ್ವರದ ವೈಬ್ರಾಟೋನಲ್ಲೇ (ನಡುಗಿಸೋದರಲ್ಲೇ) ಎಲ್ಲಾ ಹೇಳಿ ಮುಗಿಸ್ತಾರೆ. ನಮ್ಮ ಮೆಟಲ್ ಗೆಳೆಯರಿಗೂ ನಾನು ಇದನ್ನೇ ಹೇಳೋದು, ಸ್ಪೀಡ್ ಆಮೇಲೆ.

ಪ್ರತಿ ದಿನ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಅವತ್ತೇ ಕೇಳಬೇಡಿ, ಕೈಯ ನೆನಪು ಕಿವಿಗೆ ಅಡ್ಡ ಬರುತ್ತೆ.


ಹೊಸಹಳ್ಳಿ_ಕೇಳುಗ:

ನಾನು ಗಿಟಾರ್ ಮುಟ್ಟಿದವನಲ್ಲ, ಗಮಕ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆ, ಕೇಳುತ್ತಾ ಬೆಳೆದವನು. ತುಂಗೆಯ ದಡದ ನಮ್ಮ ಮತ್ತೂರು-ಹೊಸಹಳ್ಳಿಯಲ್ಲಿ ಗಮಕ ಇನ್ನೂ ಮನೆಮಾತು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಈ ಊರಿನವರೇ. ಭದ್ರಾವತಿಯ ಹುಡುಗ ಲಯದ ಮಾತು ಎತ್ತಿದ್ದರಿಂದ ನನಗೆ ಹೊಳೆದದ್ದನ್ನು ಹೇಳುತ್ತೇನೆ.

ಗಮಕಿ ಮಾಡುವುದೂ ಆಶು ಕೆಲಸವೇ. ಪದ್ಯ ಅದೇ, ಛಂದಸ್ಸು ಅದೇ, ಆದರೆ ಯಾವ ರಾಗದಲ್ಲಿ, ಯಾವ ಶಬ್ದವನ್ನು ಎಷ್ಟು ಎಳೆದು, ಎಲ್ಲಿ ನಿಲ್ಲಿಸಿ ಓದಬೇಕು ಅನ್ನುವುದು ಆ ಹೊತ್ತಿನ ಭಾವಕ್ಕೆ ಬಿಟ್ಟದ್ದು. ಪದ್ಯದ ಅಳತೆ ಕಾಲ ಕೆಳಗಿನ ನೆಲದ ಹಾಗೆ ಗಟ್ಟಿಯಾಗಿ ಇರುವುದರಿಂದಲೇ ಅವರಿಗೆ ಅಷ್ಟು ಸ್ವಾತಂತ್ರ್ಯ.

ಭಾಮಿನಿ ಷಟ್ಪದಿಯ ಮೊದಲ ಪಾದ ತೆಗೆದುಕೊಳ್ಳಿ. ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. ನಿಮ್ಮ ಹಾಡು ನಾಲ್ಕರ ಎಣಿಕೆಯದು ಅಂದುಕೊಂಡಿದ್ದೇನೆ. ಒಂದು ಬಾರಿಗೆ 8 ಮಾತ್ರೆ ಹಿಡಿದರೆ ಎರಡು ಬಾರಿಗೆ 16. ಪಾದಕ್ಕೆ 14 ಹೋದರೆ ಕೊನೆಗೆ ಉಳಿಯುವ 2 ಮಾತ್ರೆ ಮೌನ, ಅಂದರೆ ಸಾಗರದವರು ಹೇಳಿದ ಉಸಿರಿನ ಜಾಗ. ಒತ್ತು ಬೀಳುವುದು 1, 4, 8, 11ನೇ ಮಾತ್ರೆಗಳ ಮೇಲೆ. ಒಂದೇ ಸ್ವರದಲ್ಲಿ ಮೊದಲು ಇದನ್ನು ಮೀಟಿ ನೋಡಿ. ನಾಲ್ಕರ ತಾಳದ ಮೇಲೆ ಈ ಒತ್ತುಗಳು ಅಡ್ಡಡ್ಡ ಬೀಳುತ್ತವೆ, ಆದರೂ ಎರಡು ಬಾರಿನ ಕೊನೆಗೆ ಲೆಕ್ಕ ಸರಿಯಾಗಿ ಕೂಡುತ್ತದೆ. ನಿಮ್ಮ 8 ಬಾರಿಗೆ ಇಂಥ ನಾಲ್ಕು ಪಾದ ಹಿಡಿಸುತ್ತವೆ. ನಾಲ್ಕನ್ನೂ ಹೀಗೇ ಮಾಡಿದರೆ ಬೇಸರ ಬಂದೀತು, ಒಂದೋ ಎರಡೋ ಸಾಕು.

ಗಿಟಾರಿನಲ್ಲಿ ಇದು ಹೇಗೆ ಕೇಳುತ್ತದೋ, ನುಡಿಸಿ ಹೇಳಿ. ಕೇಳುವ ಆಸೆ ಇದೆ.


ತುಂಗಾತೀರ_ಗಿಟಾರ್:

ಇಷ್ಟೊಂದು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ.

ಸಾಗರದ ಸರ್, ಖಾಲಿ ತಂತಿ ಮೀಟಿ ಕೂತೆ. ಡಿ ಮೇಲೆ ನಿಂತಾಗ ಮಧ್ಯಮಾವತಿ ಕೇಳಿಸಿದ ಕೂಡಲೆ ಮೈ ಜುಂ ಅಂತು. ನಾನು ಹಾಡಿ ಕಲಿತ ರಾಗ ಈ ಬಾಕ್ಸಿನಲ್ಲೇ ಇತ್ತಲ್ಲ! ಒಂದೇ ಸಿ ಯನ್ನ ಮೂರು ಬಾರ್ ಹಿಡಿಯೋದನ್ನ ಪ್ರಾಕ್ಟೀಸಿನಲ್ಲಿ ಮಾಡಿದೆ, ಕೀಬೋರ್ಡಿನವನು ತಿರುಗಿ ನೋಡಿದ. ಹೊಸಹಳ್ಳಿಯ ಸರ್, 3-4-3-4 ಮೀಟಿದಾಗ ನಮ್ಮ ತಬಲಾದವರಿಗೆ ಬಹಳ ಖುಷಿ ಆಯ್ತು, ಅವರೇ ಅದಕ್ಕೆ ಹೊಂದಿಸಿ ನುಡಿಸಿದ್ರು. ಟೀಚರ್, ನಮ್ಮ ಗಾಯಕಿ ಚರಣವನ್ನ ಇ ಯಿಂದ ಹಿಡೀತಾಳೆ, ಹಾಗಾಗಿ ನಾನು ಡಿ ಯಲ್ಲಿ ಬಂದು ನಿಲ್ತಿದ್ದೇನೆ.

ಈಗ ಇನ್ನೊಂದು ಪ್ರಶ್ನೆ. ಎರಡನೇ ಹಾಡಿನಲ್ಲೂ ನನಗೆ 8 ಬಾರ್ ಕೊಟ್ಟಿದ್ದಾರೆ. ಅದರ ಕಾರ್ಡ್ ಎ ಮೈನರ್, ಎಫ್, ಡಿ ಮೈನರ್, ಇ. ಕೊನೆಯ ಇ ಮೇಜರ್ ಬಂದಾಗ ಬಾಕ್ಸಿನ ಜಿ ನುಡಿಸಿದ್ರೆ ಕಿವಿಗೆ ಚುಚ್ಚುತ್ತೆ. ಅಲ್ಲಿ ಎಂತ ಮಾಡೋದು?


ಸಾಗರ_ಆರ್ಕೆಸ್ಟ್ರಾ:

ಚುಚ್ಚಿದ್ದು ನಿನಗೆ ಕೇಳಿಸ್ತು ಅನ್ನೋದೇ ನನಗೆ ಸಂತೋಷ, ತಂಗಿ. ಇ ಮೇಜರ್ ಕಾರ್ಡಿನಲ್ಲಿ ಇರೋದು ಇ, ಜಿ ಶಾರ್ಪ್, ಬಿ. ಕಾರ್ಡಿನ ಜಿ ಶಾರ್ಪಿಗೆ ನಿನ್ನ ಜಿ ಒಂದೇ ಫ್ರೆಟ್ ಹಿಂದೆ, ಎರಡೂ ಒಟ್ಟಿಗೆ ಮೊಳಗಿದ್ರೆ ಗುದ್ದಾಡ್ತವೆ.

ಸುಲಭದ ದಾರಿ, ಆ ಬಾರಿನಲ್ಲಿ ಜಿ ಬಿಟ್ಟು ಇ ಮೇಲೆ ನಿಲ್ಲು. 2ನೇ ತಂತಿ 5, ಅಥವಾ 5ನೇ ತಂತಿ 7.

ಚೆಂದದ ದಾರಿ, ಆ ಒಂದು ಬಾರಿಗೆ ಜಿ ಯನ್ನ ಜಿ ಶಾರ್ಪ್ ಮಾಡು. ಬಾಕ್ಸ್ 1ರಲ್ಲಿ ಅದು 4ನೇ ತಂತಿ 6ನೇ ಫ್ರೆಟ್, ಜಿ ಗೂ ಎ ಗೂ ನಡುವೆ ಖಾಲಿ ಇದ್ದ ಜಾಗ. ಸಣ್ಣ ತಂತಿಯಲ್ಲಿ ಬೇಕಾದ್ರೆ 1ನೇ ತಂತಿ 4. ಇ ಕಾರ್ಡ್ ಮುಗಿಯೋವರೆಗೂ ಅದನ್ನ ಹಿಡಿದು, ಎ ಮೈನರ್ ವಾಪಸ್ ಬಂದ ಏಟಿಗೆ ಸರಿಯಾಗಿ ಒಂದು ಫ್ರೆಟ್ ಮುಂದೆ ಎ ಗೆ ಜಾರು. ಕಾಕಲಿ ನಿಷಾದ ಷಡ್ಜಕ್ಕೆ ಸೇರಿದ ಹಾಗೆ ಕೇಳುತ್ತೆ, ಅದೇ ಅದು.

ಬಾಕ್ಸಿಗೆ ಇನ್ನೆರಡು ಸ್ವರ ಸೇರಿಸೋ ಹೊತ್ತೂ ಬಂತು. ಬಿ ಇರೋದು 1ನೇ ತಂತಿ 7ರಲ್ಲಿ ಮತ್ತೆ 3ನೇ ತಂತಿ 4ರಲ್ಲಿ. ಎಫ್ 2ನೇ ತಂತಿ 6ರಲ್ಲಿ, ನಿನ್ನ ಇ ಪಕ್ಕದಲ್ಲೇ. ಇವೆರಡನ್ನ ಪೆಂಟಾಟಾನಿಕ್ಕಿಗೆ ಸೇರಿಸಿದ್ರೆ ಎ ನ್ಯಾಚುರಲ್ ಮೈನರ್, ನಮ್ಮ ಲೆಕ್ಕದಲ್ಲಿ 20ನೇ ಮೇಳ (ಏಳೂ ಸ್ವರದ ಮೂಲ ರಾಗ) ನಠಭೈರವಿ. ಅದರಲ್ಲಿ ಜಿ ಬದಲು ಜಿ ಶಾರ್ಪ್ ಹಾಕಿದ್ರೆ ಹಾರ್ಮೋನಿಕ್ ಮೈನರ್, 21ನೇ ಮೇಳ ಕೀರವಾಣಿ. ಮೇಳಗಳಲ್ಲಿ ಅಕ್ಕಪಕ್ಕ, ಫ್ರೆಟ್ ಬೋರ್ಡಿನಲ್ಲೂ ಒಂದೇ ಫ್ರೆಟ್ಟಿನ ವ್ಯತ್ಯಾಸ. ಸಿನಿಮಾ ಹಾಡಿನ ಕಿವಿ ಇರೋರಿಗೆ ಕೀರವಾಣಿ ಹೊಸದಲ್ಲ, ಹಾಡಿಕೊಂಡ್ರೆ ಬೆರಳು ಹುಡುಕ್ಕೊಳ್ಳುತ್ತೆ. 2ನೇ ತಂತಿಯಲ್ಲಿ 6ರ ಎಫ್‌ನಿಂದ 9ರ ಜಿ ಶಾರ್ಪಿಗೆ ಮೂರು ಫ್ರೆಟ್ ಜಾರಿಸಿ ನೋಡು, ಆ ರಾಗದ ಮುಖ ಅಲ್ಲೇ ಕಾಣುತ್ತೆ. ಅಲ್ಲಿಂದ 10ಕ್ಕೆ ಹೋದ್ರೆ ಎ, ಮನೆ ಸೇರಿದೆ.

ಉಳಿದ ಕಾರ್ಡಿಗೆ ಹಿಂದೆ ಹೇಳಿದ ಕ್ರಮವೇ. ಎ ಮೈನರ್, ಎಫ್ ಎರಡಕ್ಕೂ ಸಿ ಹಿಡಿದಿರಬಹುದು. ಡಿ ಮೈನರ್ ಅಂದ್ರೆ ಡಿ, ಎಫ್, ಎ. ಅಲ್ಲಿ 3ನೇ ತಂತಿ 7ರ ಡಿ ಗೆ ಹೋಗು, ಆಮೇಲೆ ಇ ಕಾರ್ಡಿಗೆ 2ನೇ ತಂತಿ 5ರ ಇ. ಸಿ, ಸಿ, ಡಿ, ಇ. ಎರಡನೇ ಸುತ್ತಿನಲ್ಲಿ ಕೊನೇದನ್ನ ಮಾತ್ರ ಜಿ ಶಾರ್ಪ್ ಮಾಡಿ ಎ ಗೆ ಬಿಡು.

ಜಿ ಶಾರ್ಪ್ ಇ ಬಾರಿಗೆ ಮಾತ್ರ. ಎ ಮೈನರ್, ಎಫ್, ಡಿ ಮೈನರ್ ಇರುವಾಗ ಜಿ ಗೆ ವಾಪಸ್ ಬಂದುಬಿಡು. ಮತ್ತೆ ಕೀಬೋರ್ಡಿನವರನ್ನ ಒಂದು ಮಾತು ಕೇಳ್ಕೋ, ಅಲ್ಲಿ ಬರೀ ಇ ಹಿಡೀತಾರಾ ಇ ಸೆವೆಂತಾ ಅಂತ. ಸೆವೆಂತ್ ಆದ್ರೆ ಕಾರ್ಡಿನೊಳಗೆ ಡಿ ಕೂಡ ಇರುತ್ತೆ, ಡಿ ಮೈನರಿನಲ್ಲಿ ಹಿಡಿದ ಡಿ ಯನ್ನೇ ಇನ್ನೊಂದು ಬಾರ್ ಬಿಡದೆ ಹಿಡಿದಿರಬಹುದು.